ಹೊಲದಲ್ಲಿ ಬಡಿಯೋ ಡಬ್ಬ, ಮ್ಯೂಸಿಯಮ್ಮಲ್ಲಿ ಬಡಿಯೋ ಡಬ್ಬ

ರಾಗಿ ತೆನೆ ಬಲಿಯೋ ಕಾಲದಲ್ಲಿ ಮದ್ದೂರಲ್ಲಿ ವಡೆ ಕಟ್ಟಿಸಿಕೊಂಡು ಮಳವಳ್ಳಿ ರಸ್ತೆಗೆ ತಿರುಗಿದರೆ, ಒಮ್ಮೆ ಕಾರಿನ ಗಾಜು ಇಳಿಸಿ ನೋಡಿ. ಟಣ್... ಟಟಣ್... ಸ್ವಲ್ಪ ಹೊತ್ತು ಸುಮ್ಮನೆ... ಮತ್ತೆ ಟಣ್. ದೇವಸ್ಥಾನದ ಗಂಟೆ ಅಲ್ಲ. ಹಕ್ಕಿ, ಹಂದಿ ಓಡಿಸೋಕೆ ರೈತರೇ ಕಟ್ಟಿದ ಯಂತ್ರ.

ನಮ್ಮ ದೊಡ್ಡಪ್ಪನ ಹೊಲ ಮುತ್ತತ್ತಿ ಕಾಡಿನ ಕಡೆಗಿದೆ. ಅವರದ್ದು ಹಳೇ ಸೈಕಲ್ ಹಬ್ಬು, ಎಣ್ಣೆ ಡಬ್ಬ ಕತ್ತರಿಸಿ ಮಾಡಿದ ನಾಲ್ಕು ರೆಕ್ಕೆ, ತಂತಿಗೆ ಕಟ್ಟಿದ ಎರಡು ನಟ್ಟು, ಒಂದು ಸ್ಟೀಲ್ ತಟ್ಟೆ. ಗಾಳಿ ಬೀಸಿದರೆ ಹಬ್ಬು ತಿರುಗುತ್ತೆ, ನಟ್ಟು ತಟ್ಟೆಗೆ ಬಡಿಯುತ್ತೆ. ಅಷ್ಟೇ.

ಇಂಥದ್ದೇ ಸಾಮಾನು ಬೇರೆ ಕಡೆ ಕಲೆ ಅನ್ನಿಸಿಕೊಂಡಿದೆ. ಸ್ವಿಟ್ಜರ್ಲೆಂಡಿನ ಜಾನ್ ಟಿಂಗ್ಲಿ 1960ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಮ್ಮೊಂದರ ತೋಟದಲ್ಲಿ ಸೈಕಲ್ ಚಕ್ರ, ಸ್ನಾನದ ತೊಟ್ಟಿ, ಪಿಯಾನೋ ಎಲ್ಲ ಸೇರಿಸಿ ಯಂತ್ರ ಕಟ್ಟಿದ. ಅದು ಸದ್ದು ಮಾಡುತ್ತಾ ಮಾಡುತ್ತಾ ತನ್ನನ್ನೇ ಮುರಿದುಕೊಂಡಿತು. ನಮ್ಮ ಮಂಗಳೂರಲ್ಲಿ ಹುಟ್ಟಿದ ಸುದರ್ಶನ್ ಶೆಟ್ಟಿ ಕೂಡ ಮನೆಬಳಕೆಯ ವಸ್ತುಗಳಿಗೆ ಚಲನೆ ಕೊಟ್ಟೇ ಹೆಸರು ಮಾಡಿದವರು. 2016ರ ಕೊಚ್ಚಿ ಬಿನಾಲೆಯ ಕ್ಯುರೇಟರ್ ಅವರೇ. ನನಗೆ ಹೆಚ್ಚು ಇಷ್ಟ ಝಿಮೂನ್ ಅನ್ನೋ ಸ್ವಿಸ್ ಕಲಾವಿದ. ರಟ್ಟಿನ ಡಬ್ಬಗಳು, ಒಂದೊಂದಕ್ಕೂ ಪುಟ್ಟ ಡಿಸಿ ಮೋಟರ್, ತಂತಿಯ ತುದಿಗೆ ಹತ್ತಿ ಉಂಡೆ. ಎಷ್ಟು ಮೋಟರ್, ಯಾವ ಅಳತೆಯ ಡಬ್ಬ ಅನ್ನೋ ಪಟ್ಟಿಯೇ ಕೃತಿಯ ಹೆಸರು! ಎಲ್ಲವೂ ಒಂದೇ ಥರದ ಮೋಟರ್, ಆದರೂ ಒಂದರಂತೆ ಇನ್ನೊಂದು ಬಡಿಯೋಲ್ಲ. ದೂರದಿಂದ ಕೇಳಿದರೆ ಮಳೆ ಹುಯ್ದ ಹಾಗೆ.

ಅವನ ವಿಡಿಯೋ ದೊಡ್ಡಪ್ಪನಿಗೆ ತೋರಿಸಿದೆ. ಪೂರ್ತಿ ನೋಡಿ, "ಎಷ್ಟು ದಿನಕ್ಕೆ ಜಾಗ ಬದಲಾಯಿಸ್ತಾನೆ?" ಅಂದರು.

ಅವರ ತಲೆನೋವು ಅದೇ. ಗಾಳಿ ಬಿದ್ದ ರಾತ್ರಿ ಯಂತ್ರ ಸುಮ್ಮನಾಗುತ್ತೆ, ಹಂದಿ ಬರೋದು ಅವತ್ತೇ. ಅದಕ್ಕೆ ಅಟ್ಟಣೆ ಮೇಲೆ ಟಾರ್ಚ್ ಹಿಡಿದು ಕೂರೋದು, ಅರವತ್ತೆಂಟನೇ ವಯಸ್ಸಲ್ಲಿ. ಹೋದ ವರ್ಷ ಒಂದೇ ರಾತ್ರಿಗೆ ಅರ್ಧ ಎಕರೆ ರಾಗಿ ನೆಲಸಮ ಆಗಿತ್ತು. ಹಾಗಂತ ನಮ್ಮ ಕಡೆಯವರಿಗೆ ಪ್ರಾಣಿ ಪಕ್ಷಿ ಆಗೋಲ್ಲ ಅಂದುಕೊಳ್ಳಬೇಡಿ. ಇದೇ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ, ಊರವರು ಕಾಯುತ್ತಾರೆ.

ಎಂಜಿನಿಯರ್ ಮಗ ಇದ್ದೂ ಏನು ಪ್ರಯೋಜನ ಅನ್ನಿಸಬಾರದಲ್ಲ? ಗುಜರಿಯಿಂದ ಕಾರಿನ ವೈಪರ್ ಮೋಟರ್ ತಂದೆ. ಬ್ಯಾಟರಿ, ರಿಲೇ, ಒಂದು ಆರ್ಡ್ವಿನೋ. ಹತ್ತು ನಿಮಿಷಕ್ಕೊಮ್ಮೆ ಬಡಿಯೋ ಹಾಗೆ ಕೋಡ್ ಬರೆದೆ. ಮೂರು ರಾತ್ರಿ ಹಂದಿ ಸುಳಿಯಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಯಂತ್ರದ ಬುಡದಲ್ಲೇ ಗೊರಸಿನ ಗುರುತು.

"ಅದ್ಕೇನ್ ಗಡಿಯಾರ ನೋಡಕ್ ಬರಾಕಿಲ್ವಾ? ಒಂದೇ ಥರಾ ಬಡುದ್ರೆ ಇದು ಬರೀ ಡಬ್ಬ ಅಂತ ಗೊತ್ತಾಯ್ತದೆ ಕಣ್ಮಗ" ಅಂತ ನಕ್ಕರು.

ಗಾಳಿಗೆ ಇದ್ದ ಗುಣ ನನ್ನ ಕೋಡಿಗೆ ಇರಲಿಲ್ಲ. ಈಗ ಎರಡು ನಿಮಿಷದಿಂದ ಇಪ್ಪತ್ತು ನಿಮಿಷದ ನಡುವೆ ಯಾವಾಗ ಬೇಕಾದರೂ ಬಡಿಯೋ ಹಾಗೆ ಬದಲಾಯಿಸಿದ್ದೇನೆ. ತಟ್ಟೆ ಒಂದಲ್ಲ, ಮೂರು: ಸ್ಟೀಲು, ತಗಡು, ಒಡೆದ ಹಿತ್ತಾಳೆ ಚೆಂಬು. ಒಂಬತ್ತು ರಾತ್ರಿ ಆಯಿತು, ಇನ್ನೂ ಹಂದಿ ಬಂದಿಲ್ಲ. ಯಂತ್ರ ಈ ವಾರ ಮೂಡಲ ಬದುವಿಗೆ ಹೋಗಿದೆ. ದೊಡ್ಡಪ್ಪ ಮನೆಯಲ್ಲೇ ಮಲಗುತ್ತಿದ್ದಾರೆ. ಆದರೆ ಅಟ್ಟಣೆ ಬಿಚ್ಚಿಲ್ಲ.