ರಕ್ತದೊತ್ತಡ ಎಷ್ಟಕ್ಕೆ ಇಳಿಯಬೇಕು?

ರಕ್ತದೊತ್ತಡದ ಮೇಲಿನ ಅಂಕಿ 140ರ ಕೆಳಗಿದ್ದರೆ ಸಾಕೆಂಬ ನೆಮ್ಮದಿ ನಮ್ಮಲ್ಲಿ ಅನೇಕರಿಗಿದೆ. ಅಮೆರಿಕದಲ್ಲಿ ಐವತ್ತು ತುಂಬಿದ 9,361 ಮಂದಿಯಲ್ಲಿ ನಡೆದ ‘ಸ್ಪ್ರಿಂಟ್’ ಅಧ್ಯಯನ ಅದನ್ನು ಕದಡಿತು. 120ರ ಒಳಗೆ ತರುವ ಚಿಕಿತ್ಸೆ ಪಡೆದವರಲ್ಲಿ ಹೃದಯ ವೈಫಲ್ಯವೂ ಮರಣವೂ ಕಡಿಮೆಯಾದವು. ಪ್ರಯೋಜನವು ಸ್ಪಷ್ಟವಾದುದರಿಂದ 2015ರಲ್ಲಿ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ನೆನಪು, ಗ್ರಹಿಕೆಗಳು ತುಸು ಕುಂದುವುದೂ ಅವರಲ್ಲಿ ಕಡಿಮೆಯೆಂದು 2019ರಲ್ಲಿ ತಿಳಿದುಬಂದಿತು.

ಆದರೆ ಮೂತ್ರಪಿಂಡಕ್ಕೆ ಹಠಾತ್ ಘಾಸಿ, ಮೂರ್ಛೆ ಇವೆರಡೂ ಆ ಗುಂಪಿನಲ್ಲೇ ಹೆಚ್ಚು. ಮಧುಮೇಹಿಗಳನ್ನೂ ಹಿಂದೆ ಪಾರ್ಶ್ವವಾಯುವಿಗೆ ತುತ್ತಾದವರನ್ನೂ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಮಧುಮೇಹಿಗಳಿಲ್ಲದ ಮನೆ ನಮ್ಮಲ್ಲಿ ಎಷ್ಟಿದ್ದೀತು! ಆದಕಾರಣ 120ರ ಗುರಿ ಎಲ್ಲರದಲ್ಲ. ತಮ್ಮ ಗುರಿ ಎಷ್ಟೆಂದು ಹಿರಿಯರು ವೈದ್ಯರನ್ನೇ ಕೇಳಲಿ. ತಾವಾಗಿ ಮಾತ್ರೆ ಹೆಚ್ಚಿಸುವುದು ಬೇಡ. ವೈದ್ಯರು ಹೆಚ್ಚಿಸಿದಾಗ ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ.