ನಿಮಗಿದು ಗೊತ್ತೆ? ಸ್ಥಿರ ವೋಲ್ಟೇಜು, ಸ್ಥಿರ ಕರೆಂಟು
2023ರಿಂದ ರಾಮನಗರ, ಚನ್ನಪಟ್ಟಣಗಳ ಸೀಮೆಯನ್ನು ಹಾದು ಬೆಂಗಳೂರು–ಮೈಸೂರುಗಳ ನಡುವೆ ಸಂಚರಿಸುತ್ತಿರುವ ಕೆ.ಎಸ್.ಆರ್.ಟಿ.ಸಿ. ವಿದ್ಯುತ್ ಬಸ್ಸಿನ ಲಿಥಿಯಂ ಬ್ಯಾಟರಿಗೂ ನಮ್ಮ ಜೇಬಿನ ಮೊಬೈಲಿಗೂ ಚಾರ್ಜಿಂಗಿನ ಕ್ರಮ ಮೂಲತಃ ಒಂದೇ: ಮೊದಲು ಕರೆಂಟನ್ನು ಸ್ಥಿರವಾಗಿರಿಸಿ ವೋಲ್ಟೇಜನ್ನು ಏರಗೊಟ್ಟು, ಕೋಶವು ತನ್ನ ಮಿತಿಯನ್ನು, ಹಲವು ಬಗೆಗಳಲ್ಲಿ ಅದು 4.2 ವೋಲ್ಟ್, ಮುಟ್ಟಿದೊಡನೆ ವೋಲ್ಟೇಜನ್ನೇ ಸ್ಥಿರಗೊಳಿಸಿ ಕರೆಂಟನ್ನು ಕ್ರಮೇಣ ಕ್ಷೀಣಿಸಗೊಡುವುದು.

ಪ್ರಯೋಗಶಾಲೆಯ ಪವರ್ ಸಪ್ಲೈಯಲ್ಲಿ ಈ ಎರಡು ಸ್ಥಿತಿಗಳನ್ನು ಕಣ್ಣಾರೆ ಕಾಣಬಹುದು. 12 ವೋಲ್ಟ್, 2 ಆಂಪಿಯರ್ ಮಿತಿಗೆ ತಿರುಗಿಸಿಟ್ಟ ಯಂತ್ರಕ್ಕೆ 12 ಓಮ್ ರೋಧಕವನ್ನು ಜೋಡಿಸಿದರೆ ಅದು 1 ಆಂಪಿಯರನ್ನಷ್ಟೇ ಎಳೆಯುವುದರಿಂದ ‘ಸಿ.ವಿ.’ (ಸ್ಥಿರ ವೋಲ್ಟೇಜು) ದೀಪ ಬೆಳಗುವುದು. 3 ಓಮ್ ರೋಧಕವು 4 ಆಂಪಿಯರ್ ಬಯಸಿದರೂ ಯಂತ್ರವು 2ಕ್ಕೇ ತಡೆದು, ವೋಲ್ಟೇಜನ್ನು 6ಕ್ಕಿಳಿಸಿ, ‘ಸಿ.ಸಿ.’ (ಸ್ಥಿರ ಕರೆಂಟು) ಸ್ಥಿತಿಗೆ ಹೊರಳುವುದು. ಈ ಇಳಿತವನ್ನು ಯಂತ್ರದ ದೋಷವೆಂದು ಬಗೆಯಲಾಗದು. ಜೋಡಿಸಿದ ಉಪಕರಣವು ಸುಟ್ಟುಹೋಗದಂತೆ ಕಾಯುವ ಏರ್ಪಾಡು ಅದು.