ಲಿಸ್ಪ್ ಭಾಷೆಯಲ್ಲಿ ಉದ್ಧರಣೆ ಮತ್ತು ಮ್ಯಾಕ್ರೋ

'ಕೆಂಪಾಪುರಕ್ಕೆ ಹೋಗುವ ದಾರಿ ಯಾವುದು?' ಎಂದು ರಾಮನಗರದಲ್ಲಿ ಯಾರಾದರೂ ಕೇಳಿದರೆ ಅದು ಊರಿನ ಮಾತು. 'ಕೆಂಪಾಪುರ ಎಂಬುದರಲ್ಲಿ ಎಷ್ಟು ಅಕ್ಷರ?' ಎಂದರೆ ಅದು ಪದದ ಮಾತು, ಉತ್ತರ ನಾಲ್ಕು. ಎರಡನ್ನೂ ಬೇರ್ಪಡಿಸುವುದು 'ಎಂಬುದು' ಎಂಬ ಸಣ್ಣ ಗುರುತು.

ಪಾಣಿನಿಗೂ ಈ ತೊಡಕು ಎದುರಾಗಿತ್ತು. 'ಅಗ್ನಿ'ಗೆ ಪ್ರತ್ಯಯ ಸೇರಿಸಬೇಕೆಂದರೆ ಉರಿಯುವ ಕೆಂಡಕ್ಕೆ ಸೇರಿಸಲಾಗುವುದಿಲ್ಲವಷ್ಟೆ! ಸೂತ್ರದಲ್ಲಿ ಬರುವ ಶಬ್ದವು, ಪಾರಿಭಾಷಿಕ ಪದವಲ್ಲದಿದ್ದರೆ, ತನ್ನ ರೂಪವನ್ನೇ ಸೂಚಿಸುತ್ತದೆಂದು ಅವನು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲೇ ವಿಧಿಸಿದ್ದಾನೆ. ಜಾನ್ ಮೆಕಾರ್ಥಿ 1958ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭಿಸಿದ ಲಿಸ್ಪ್ ಭಾಷೆಯಲ್ಲಿ ಪದ್ಧತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಸರು ಬರೆದರೆ ಅದರ ಬೆಲೆ ದೊರೆಯುತ್ತದೆ. ಹೆಸರೇ ಬೇಕಾದರೆ ಗುರುತು ಹಾಕಬೇಕು. ಆ ಗುರುತೇ ಉದ್ಧರಣೆ, ಅಂದರೆ 'ಕೋಟ್'.

ಲಿಸ್ಪ್‌ನಲ್ಲಿ ಪ್ರತಿಯೊಂದು ಲೆಕ್ಕವೂ ಕಂಸದೊಳಗಿನ ಒಂದು ಪಟ್ಟಿ. ಕ್ರಿಯೆಯ ಹೆಸರು ಮೊದಲು ಬರುತ್ತದೆ.

(+ 2 3)

ಇದಕ್ಕೆ ಗಣಕ ಕೊಡುವ ಉತ್ತರ 5. ಹಿಂದೆ ಒಂದು ಉದ್ಧರಣ ಚಿಹ್ನೆ ಇಟ್ಟು ನೋಡಿ:

'(+ 2 3)

ಈಗ ಲೆಕ್ಕ ನಡೆಯುವುದಿಲ್ಲ. ಒಂದು ಚಿಹ್ನೆ, ಎರಡು ಸಂಖ್ಯೆಗಳಿರುವ ಪಟ್ಟಿಯೇ ಕೈಗೆ ಬರುತ್ತದೆ. ಅದರ ಮೊದಲ ಅಂಶ ತೆಗೆದು * ಇಟ್ಟು, ಬಳಿಕ ಲೆಕ್ಕ ಮಾಡಿಸಿದರೆ 6 ಬರುತ್ತದೆ. ಪ್ರೋಗ್ರಾಮನ್ನು ತಿದ್ದಿದ್ದು ಇನ್ನೊಂದು ಪ್ರೋಗ್ರಾಮು!

ಈ ಕೆಲಸವನ್ನು ವ್ಯವಸ್ಥಿತವಾಗಿ ಮಾಡುವುದೇ ಮ್ಯಾಕ್ರೋ. ಲಿಸ್ಪ್‌ಗೆ ಇದನ್ನು ಸೇರಿಸುವ ಪ್ರಸ್ತಾವವನ್ನು ತಿಮೊತಿ ಹಾರ್ಟ್ 1963ರಲ್ಲಿ ಮುಂದಿಟ್ಟರು. ಫಂಕ್ಷನ್ ಇರುವಾಗ ಇದೇಕೆ? ರೇಷ್ಮೆಗೂಡಿನ ಮಾರುಕಟ್ಟೆಯ ಲೆಕ್ಕ ತೆಗೆದುಕೊಳ್ಳೋಣ. ದಿನದ ಒಟ್ಟು ಹಣವನ್ನು ಒಟ್ಟು ತೂಕದಿಂದ ಭಾಗಿಸಿದರೆ ಸರಾಸರಿ ದರ. ಗೂಡು ಬಾರದ ದಿನ ತೂಕ 0, ಆಗ ಭಾಗಿಸಬಾರದು.

(ಇಲ್ಲದಿದ್ದರೆ (= ತೂಕ 0) (/ ಹಣ ತೂಕ))

'ಇಲ್ಲದಿದ್ದರೆ' ಎಂಬುದನ್ನು ಫಂಕ್ಷನ್ ಆಗಿ ಬರೆದರೆ ಕೆಲಸ ಕೆಡುತ್ತದೆ. ಫಂಕ್ಷನ್ನಿಗೆ ಕೊಡುವ ಮುನ್ನವೇ ಗಣಕ ಎರಡೂ ಉಕ್ತಿಗಳ ಬೆಲೆ ಕಟ್ಟುವುದರಿಂದ ಸೊನ್ನೆಯಿಂದ ಭಾಗಾಕಾರ ನಡೆದೇಹೋಗುತ್ತದೆ. ಮ್ಯಾಕ್ರೋ ಆದರೋ ಬರೆದದ್ದನ್ನು ಬರೆದಂತೆಯೇ ಪಡೆಯುತ್ತದೆ:

(ಡಿಫ್‌ಮ್ಯಾಕ್ರೋ ಇಲ್ಲದಿದ್ದರೆ (ಷರತ್ತು ಕೆಲಸ)
  `(ಇಫ್ ,ಷರತ್ತು 0 ,ಕೆಲಸ))

(ಡಿಫ್‌ಮ್ಯಾಕ್ರೋ, ಇಫ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಯಂತ್ರದಲ್ಲಿ ರೋಮನ್ ಲಿಪಿಯಲ್ಲೇ ಬರೆಯಬೇಕು.) ಎಡಕ್ಕೆ ವಾಲಿದ ಚಿಹ್ನೆಯನ್ನು ಅರ್ಜಿ ನಮೂನೆ ಎಂದು ತಿಳಿಯಿರಿ. ಅಚ್ಚಾದ ಭಾಗ ಹಾಗೆಯೇ ಉಳಿಯುತ್ತದೆ. ಅಲ್ಪವಿರಾಮವಿರುವ ಕಡೆಗಳು ಭರ್ತಿ ಮಾಡಬೇಕಾದ ಖಾಲಿ ಜಾಗಗಳು. ಭರ್ತಿಯಾದ ಮೇಲೆ ದೊರೆಯುವುದು:

(ಇಫ್ (= ತೂಕ 0) 0 (/ ಹಣ ತೂಕ))

ನಂತರವೇ ಇದು ನಡೆಯುತ್ತದೆ. ತೂಕ ಸೊನ್ನೆಯಾದರೆ ಭಾಗಾಕಾರದ ತಂಟೆಗೆ ಗಣಕ ಹೋಗುವುದೇ ಇಲ್ಲ.

ಆದರೆ ಬರೆದದ್ದನ್ನು ಬರೆದಂತೆ ನಕಲು ಮಾಡುವುದರಲ್ಲಿ ಅಪಾಯವೂ ಇದೆ. 'ಇಮ್ಮಡಿ' ಎಂಬ ಮ್ಯಾಕ್ರೋದ ನಮೂನೆ `(+ ,ಕ ,ಕ) ಆಗಿರಲಿ. (ಇಮ್ಮಡಿ 7) ಎಂದರೆ 14, ಸರಿಯೇ. 'ತೂಗು' ಎಂಬ ಫಂಕ್ಷನ್ ತಕ್ಕಡಿಯಿಂದ ಮುಂದಿನ ಚೀಲದ ತೂಕ ಓದುವುದಾದರೆ? (ಇಮ್ಮಡಿ (ತೂಗು)) ಎಂಬುದು (+ (ತೂಗು) (ತೂಗು)) ಆಗಿ ಹಿಗ್ಗುತ್ತದೆ. ತಕ್ಕಡಿ ಎರಡು ಸಲ ಓದಿ, ಎರಡು ಬೇರೆ ಚೀಲಗಳ ಮೊತ್ತ ಬರುತ್ತದೆ. ಯಂತ್ರ ದೋಷವನ್ನೂ ತೋರಿಸುವುದಿಲ್ಲ. ನಿಜಕ್ಕೂ ಇಮ್ಮಡಿಗೆ ಮ್ಯಾಕ್ರೋ ಬೇಕಿರಲಿಲ್ಲ, ಫಂಕ್ಷನ್ ಸಾಕಿತ್ತು. ಮ್ಯಾಕ್ರೋ ಬೇಕೇ ಬೇಕಾದ ಕಡೆ ಬೆಲೆಯನ್ನು ಒಮ್ಮೆ ಪಡೆದು, ತಾತ್ಕಾಲಿಕ ಹೆಸರೊಂದಕ್ಕೆ ಕಟ್ಟಿಟ್ಟುಕೊಂಡು ಬಳಸುವುದು ವಾಡಿಕೆ. ಅನುಮಾನ ಬಂದಾಗ ಕಾಮನ್ ಲಿಸ್ಪ್‌ನ 'ಮ್ಯಾಕ್ರೋಎಕ್ಸ್‌ಪ್ಯಾಂಡ್-1' ಎಂಬ ಫಂಕ್ಷನ್ನಿಗೆ ಉದ್ಧರಣ ಚಿಹ್ನೆಯೊಡನೆ ಉಕ್ತಿಯನ್ನು ಕೊಟ್ಟರೆ, ಹಿಗ್ಗಿದ ರೂಪವನ್ನು ಅದು ನಡೆಸದೆಯೇ ತೋರಿಸುತ್ತದೆ.